ನಳ ಬರೂ ಹೊತ್ತಿಗೆ

ಬೆಟಗೇರಿಯೊಳಗ ನಳ ಬರೂದು ಹತ್ತು ದಿನಕ್ಕೊಮ್ಮೆ,
ಅದೂ ರಾತ್ರಿ ಮೂರಕ್ಕ.
ಮೊದಲ ಬರೇ ಗಾಳಿ ಬರತೈತಿ,
ಮುದುಕನ ಗಂಟಲದಾಗ ಮಾತು ಸಿಕ್ಕೊಂಡಂಗ.
ಹದಿನೇಳು ಕೊಡ, ಎರಡು ಬ್ಯಾರಲ್ಲು, ಅವ್ವನ ಹಂಡೆ
ಸಾಲಾಗಿ ಇಟ್ಟು ಕಟ್ಟಿ ಮ್ಯಾಲ ಕುಂತೇನಿ.
ಎದುರಿಗೆ ಗಂಜಿಯವರ ಮನ್ಯಾಗ
ಇನ್ನೂ ಮಗ್ಗ ನಡದೈತಿ.

ಹೋದ ವರ್ಷ ಇದೇ ಹೊತ್ತಿನ್ಯಾಗ
ನನ್ನ ನಾಕೂ ಕಡೆ ನೀರಿತ್ತು.
ಕುಡಿಯೂ ನೀರಲ್ಲ. ಬರೇ ನೀರು.
ಮಾಲ್ಡೀವ್ಸಿನ ಒಂದು ಚೂರು ದ್ವೀಪ,
ಈ ತುದಿಯಿಂದ ಆ ತುದಿಗೆ
ನಮ್ಮ ಟಾಂಗಾಕೂಟದಿಂದ ಸ್ಟೇಷನ್ನಿಗೆ ಹೋದಷ್ಟು ದೂರ.
ಸಂಜಿಕೆ ಸುತ್ತು ಹಾಕತಿದ್ದೆ.
ಮೂರನೇ ಸುತ್ತಿಗೂ ಅದ ಬೆಕ್ಕು,
ಅದ ಬಲೆ ಹೊಲಿಯೂ ಮುದುಕ,
ಮತ್ತ ಬಂದ್ಯಾ ಅನ್ನೂ ಅದ ನಗಿ.

ಸ್ವರ್ಗ ನೋಡ್ರಿ ಟೀಚರ್, ಅಂದಿದ್ದ ಏಜೆಂಟ.
ಸ್ವರ್ಗಕ್ಕ ಉಳ್ಳಾಗಡ್ಡಿ ಬರೂದು ಗುರುವಾರ, ಹಡಗಿನ್ಯಾಗ.
ಎರಡು ಕಿಲೋ ಜ್ವಾಳದ ಹಿಟ್ಟು ಒಯ್ದಿದ್ದೆ,
ಉಪ್ಪುಗಾಳಿಗೆ ತಿಂಗಳದಾಗ ಕಹಿ ಆತು.
ಚೆಲ್ಲಾಕ ಮನಸಾಗಲಿಲ್ಲ,
ಡಬ್ಬಿ ತಗದು ತಗದು ಮೂಸಿ ಇಡತಿದ್ದೆ.

ಏಳನೇತ್ತಕ್ಕ ಗಣಿತ.
ಪುಸ್ತಕದಾಗ ಎರಡು ರೈಲು,
ಒಂದು ಈ ಊರಿಂದ, ಒಂದು ಆ ಊರಿಂದ,
ಎಷ್ಟೊತ್ತಿಗೆ ಕೂಡತಾವು ಹೇಳ್ರಿ.
ಇಪ್ಪತ್ತೊಂದು ಮಕ್ಕಳು. ಒಬ್ಬರೂ ರೈಲು ನೋಡಿಲ್ಲ.
ನಾನೋ, ಹುಬ್ಬಳ್ಳಿ ಪ್ಯಾಸೆಂಜರಿನ ಬಾಗಲದಾಗ
ನಿಂತ ನಿಂತ ಬಿ.ಎಡ್. ಮುಗಿಸಿದಾಕಿ.
ಹಲಗಿ ಮ್ಯಾಲ ಎರಡು ಗೆರಿ ಎಳದೆ, ಅಡ್ಡಪಟ್ಟಿ ಹಾಕಿದೆ,
ಬಾಯಿಲೆ ಕೂ ಅಂದೆ ಸುದ್ದಾ.
ಯಾಯಿಶ್ ಕೈ ಎತ್ತಿದ:
ಮಿಸ್, ಅದು ಗೆರಿ ಬಿಟ್ಟು ಆಚೆ ಹೋಗಂಗಿಲ್ಲೇನು?
ಇಲ್ಲ.
ಗಾಳಿ ಬಿಟ್ಟರ?
ಇಲ್ಲೋ.
ಮೀನ ಕಂಡರ?
ಕ್ಲಾಸಿಗೆ ಕ್ಲಾಸ ನಕ್ಕಿತು. ಅಂವ ನಗಲಿಲ್ಲ.
ರೈಲಿನ ಸಲುವಾಗಿ ಅವಗ ಖರೇನ ಕೆಟ್ಟನಿಸಿತ್ತು.

ಮರುದಿನ ರೈಲು ಒರಸಿ ದೋಣಿ ಮಾಡಿದೆ.
ಉತ್ತರ ಒಂದೂ ಸರಿ ಬರಲಿಲ್ಲ.
ಒಬ್ಬ ಸಮುದ್ರದ ಸೆಳವು ಕಳದಿದ್ದ,
ಒಬ್ಬ ನಮಾಜಿಗೆ ದೋಣಿ ನಿಲ್ಲಿಸಿದ್ದ.
ಶಫಾ ಬರದಿದ್ದಳು:
ಎರಡೂ ದೋಣಿ ಎದುರಾಬದರಾದ ಮ್ಯಾಲ
ನಿಂತು ಮಾತಾಡತಾವು,
ಅದಕ್ಕ ಅರ್ಧ ತಾಸು ಜಾಸ್ತಿ.
ಅರ್ಧ ಮಾರ್ಕು ಕೊಟ್ಟೆ ನಾನು.
ಈ ಕತ್ತಲದಾಗ ಕುಂತು ಅನಸತೈತಿ,
ಪೂರಾ ಕೊಡಬೇಕಿತ್ತು.

ಇನ್ನೊಂದು ಹೇಳಬೇಕು, ಯಾರಿಗೂ ಹೇಳಿಲ್ಲ.
ಗ್ವಾಡಿಗೆ ಗದಗಿನ ಸೊಸೈಟಿ ಕ್ಯಾಲೆಂಡರು.
ದಿನಾ ಒಂದು ತಾರೀಖಿಗೆ ಗೀಟು ಹೊಡೀತಿದ್ದೆ,
ಜೇಲಿನ್ಯಾಗ ಕುಂತಾಂಗ.
ಶಫಾನ ತಾಯಿ ಒಮ್ಮೆ ಬಂದಾಕಿ ಅದನ್ನ ನೋಡಿದಳು,
ಏನೂ ಅನ್ನಲಿಲ್ಲ.
ಅವತ್ತಿಂದ ಶುಕ್ರವಾರಕ್ಕೊಮ್ಮೆ
ಮೀನ ಮುಟ್ಟಿಸದ ಬ್ಯಾರೆ ಹಂಚಿನ್ಯಾಗ
ಕೊಬ್ಬರಿ ಹಾಕಿದ ರೋಶಿ ಸುಟ್ಟು ಕಳಸತಿದ್ದಳು.
ರೋಶಿ. ಒಂದಕ್ಷರ ತಪ್ಪಿದರ ನಮ್ಮ ರೊಟ್ಟೀನ.

ಎಷ್ಟು ಉಳಸಿದಿ, ಕೇಳತಾರ ಇಲ್ಲಿ ಎಲ್ಲಾರೂ.
ರೊಕ್ಕದ ಲೆಕ್ಕ ಹೇಳತೇನಿ, ಸುಮ್ಮನಾಗತಾರ.
ಯಾಯಿಶ್ ಮನ್ನೆ ದನಿ ಕಳಸಿದ್ದ ಫೋನಿಗೆ:
ಹೊಸ ಮಿಸ್ ರೈಲಿನ ಲೆಕ್ಕಾ ರೈಲಿನ್ಯಾಗ ಮಾಡಸತಾರ,
ನಮಗೀಗ ಸರಿ ಉತ್ತರ ಬರತೈತಿ.

ಬಂತು.
ಮೊದಲನೇ ಕೊಡದ ತಳಕ್ಕ ನೀರು ಬಿದ್ದ ಹೊತ್ತಿಗೇ
ಜಂಕ್ಷನ್ನಿನ್ಯಾಗ ಒಂದು ಗೂಡ್ಸು ಕೂಗಿತು,
ಗೆರಿ ಬಿಟ್ಟು ಎಲ್ಲಿಗೂ ಹೋಗದಂಥಾದ್ದು.
ಅವಗ ಕೇಳಸೂಣು ಅಂತ ಫೋನ ತಗದು ಒತ್ತಿದೆ.
ಅಷ್ಟರಾಗ ರೈಲು ಸುಮ್ಮನಾತು.
ಹೋಗಿದ್ದು ಬರೇ ನೀರಿನ ಸಪ್ಪಳ.

ಅಲ್ಲೀಗ ಎರಡೂವರಿ, ಮಲಗಿರತಾನ.
ಎದ್ದು ಕೇಳೇ ಕೇಳತಾನ:
ಮಿಸ್, ನಿಮ್ಮೂರಿಗೂ ಸಮುದ್ರ ಬಂತೇನು?

ಬರತೈತಿ ತಮ್ಮಾ, ಅನ್ನಬೇಕು.
ಹತ್ತು ದಿನಕ್ಕೊಮ್ಮೆ. ಒಂದೂವರಿ ತಾಸು.